ಸರ್ಕಾರಿ ಹುದ್ದೆಗೆ ಕಾಯುವುದೋ, ಈಗಲೇ ಕಂಪನಿ ಸೇರುವುದೋ?

ತೀರ್ಥಹಳ್ಳಿ ಕಡೆಯ, ಊರುಗೋಲು ಹಿಡಿದು ನಡೆಯುವ ತಂಗಿಯೊಬ್ಬಳು ಕೇಳಿದ ಪ್ರಶ್ನೆ ಇದು.

ಸರ್ಕಾರಿ ಕೆಲಸಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಲ ಇದೆ. ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಇದ್ದವರಿಗೆ ಕನಿಷ್ಠ ಶೇ. 4 ಹುದ್ದೆ ಮೀಸಲು. ಆದರೆ ಕಾಯುವುದು ವರ್ಷಗಟ್ಟಲೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಈಗಲೇ ಮಾಡಿಸಿಡಿ.

ಶಿವಮೊಗ್ಗದ ಕಂಪನಿಯಲ್ಲಾದರೆ ಸಂಬಳ ಬೇಗ ಕೈಗೆ ಬರುತ್ತದೆ. ಕಷ್ಟ ಇರುವುದು ಕೆಲಸ ಉಳಿಸಿಕೊಳ್ಳುವುದರಲ್ಲಿ. ಮಳೆಗಾಲದ ಬೆಳಿಗ್ಗೆ ಬಸ್ಸಿನ ಮೆಟ್ಟಿಲು ಎತ್ತರ, ಮೇಲೆ ಒದ್ದೆ, ಊರುಗೋಲಿನ ತುದಿ ಜಾರುತ್ತದೆ. ಹಾಗಾಗಿ ಸೇರುವ ಮುಂಚೆ ಒಮ್ಮೆ ಹೋಗಿ ನೋಡಿ. ಕೂತು ಮಾಡುವ ಕೆಲಸ ಕೊಡ್ತಾರಾ? ಶೌಚಾಲಯಕ್ಕೆ ಮೆಟ್ಟಿಲಿದೆಯಾ? ಅಂಗವಿಕಲ ನೌಕರರಿಗೆ ಏನೇನು ಅನುಕೂಲ ಮಾಡಿಕೊಡುತ್ತಾರೆ ಎಂದು ಹೇಳುವ ಅವರ ಸಮಾನ ಅವಕಾಶ ನೀತಿಯನ್ನೂ ಕೇಳಿ. ಅದನ್ನು ಪ್ರಕಟಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ, ಕೇಳಲು ಸಂಕೋಚ ಯಾಕೆ ಅಲ್ವಾ?

ನಾನಾದರೆ ಕಂಪನಿ ಸೇರಿ, ರಾತ್ರಿ ಪರೀಕ್ಷೆಗೆ ಓದು ಅಂತಲೇ ಹೇಳುತ್ತೇನೆ.