ಮಧುಮೇಹಿಗಳ ಪಿತ್ತಗಂಧೆಗೆ ಸೆಟಿರಿಜಿನ್ ಮಾತ್ರೆ: ಒಂದು ವಿಮರ್ಶೆ

ಮೈಮೇಲೆ ಇದ್ದಕ್ಕಿದ್ದಂತೆ ದದ್ದುಗಳೆದ್ದು, ಕೆರೆದಷ್ಟೂ ನವೆ ಹೆಚ್ಚಾಗುವ ಪಿತ್ತಗಂಧೆಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮಾತ್ರೆಗಳಲ್ಲಿ 10 ಮಿಲಿಗ್ರಾಂ ಸೆಟಿರಿಜಿನ್ ಒಂದು. ಮಧುಮೇಹವಿರುವ ನಾನು ಇದನ್ನು ಮೆಚ್ಚುವುದಕ್ಕೆ ಮುಖ್ಯ ಕಾರಣ, ಇದು ರಕ್ತದ ಸಕ್ಕರೆಯ ತಂಟೆಗೆ ಹೋಗದೆ ನವೆಯನ್ನು ತಗ್ಗಿಸುತ್ತದೆ ಎಂಬುದು. ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆಗಳೂ ದದ್ದನ್ನು ಇಳಿಸುತ್ತವೆಯಾದರೂ, ಅವುಗಳಿಂದ ಸಕ್ಕರೆ, ಅದರಲ್ಲೂ ಮಧ್ಯಾಹ್ನದ ನಂತರ, ಬಹಳ ಏರಬಹುದು; ಅನಿವಾರ್ಯವಾದಾಗ ಮಾತ್ರ, ಕೆಲವೇ ದಿನಗಳ ಮಟ್ಟಿಗೆ, ಗ್ಲುಕೋಮೀಟರ್ ಕೈಯಲ್ಲಿಟ್ಟುಕೊಂಡೇ ಅವುಗಳನ್ನು ತೆಗೆದುಕೊಳ್ಳಬೇಕು.

ಸೊಂಟಪಟ್ಟಿ ಒತ್ತುವ ಜಾಗದಲ್ಲಿ, ಅಂಚು ಕೆಂಪಾಗಿ ನಡು ಬಿಳಿಚಿಕೊಂಡು ಎದ್ದಿದ್ದ ನನ್ನ ದದ್ದುಗಳು ಮಾತ್ರೆ ನುಂಗಿದ ಒಂದೆರಡು ಗಂಟೆಗಳಲ್ಲಿ ತಣಿಯತೊಡಗಿದವು. ಆದರೆ ಚರ್ಮದ ಮಾಸ್ಟ್ ಎಂಬ ಕೋಶಗಳು ಹೊರಬಿಡುವ, ನವೆ-ದದ್ದು ಎಬ್ಬಿಸುವ ರಾಸಾಯನಿಕವಾದ ಹಿಸ್ಟಮಿನ್‌ನ ಕೆಲಸವನ್ನು ತಡೆಯುವುದಷ್ಟೇ ಈ ಮಾತ್ರೆಗೆ ಗೊತ್ತು. ಮೂಲ ಕಾರಣವನ್ನು ನಾವೇ ಹುಡುಕಬೇಕು. ಸೋಂಕು, ಆಸ್ಪಿರಿನ್, ನೋವಿನ ಮಾತ್ರೆಗಳು, ಅಪರೂಪಕ್ಕೆ ಇನ್ಸುಲಿನ್ ಕೂಡ ಇದನ್ನು ಕೆರಳಿಸಬಹುದು. ಎಷ್ಟೋ ಬಾರಿ ಕಾರಣ ಸಿಗುವುದೇ ಇಲ್ಲ. ಅನುಮಾನ ಬಂದ ಔಷಧವನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದು ಸರಿಯಲ್ಲ. ಇನ್ನು, ಮಧುಮೇಹಿಗಳಲ್ಲಿ ಒಣಚರ್ಮದಿಂದಲೋ ಶಿಲೀಂಧ್ರದಿಂದಲೋ ಬರುವ ನವೆಯೇ ಬೇರೆ. ಅಲ್ಲಿ ಇಂತಹ ಉಬ್ಬಿದ ದದ್ದುಗಳಿರುವುದಿಲ್ಲ, ಈ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವೂ ಆಗದು.

ಕೊರತೆಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೂತ್ರಪಿಂಡದ ವಿಚಾರ. ಸೆಟಿರಿಜಿನ್‌ನ ಹೆಚ್ಚಿನ ಭಾಗ ಮೂತ್ರದಲ್ಲೇ ಹೊರಹೋಗುವುದರಿಂದ, ಮಧುಮೇಹದಿಂದ ಮೂತ್ರಪಿಂಡ ಸೊರಗಿದವರಿಗೆ ವೈದ್ಯರು ಪ್ರಮಾಣವನ್ನು 5 ಮಿಲಿಗ್ರಾಂಗೆ ಇಳಿಸುವುದುಂಟು. ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯನ್ನು ಅವರಿಗೆ ತೋರಿಸದೆ ಇದನ್ನು ದಿನವೂ ನುಂಗಬಾರದು. ಹಳೆಯ ಅಲರ್ಜಿ ಮಾತ್ರೆ ಕ್ಲೋರ್ಫೆನಿರಮಿನ್‌ನಷ್ಟಲ್ಲದಿದ್ದರೂ ಇದರಿಂದಲೂ ಕೆಲವರಿಗೆ ತೂಕಡಿಕೆ ಬರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಮಂಪರನ್ನು ಮಾತ್ರೆಯದೆಂದು ತಳ್ಳಿಹಾಕದೆ, ಸಕ್ಕರೆ ಇಳಿದಿದೆಯೇ ಎಂದು ತಕ್ಷಣ ಪರೀಕ್ಷಿಸಿಕೊಳ್ಳಬೇಕು.

ತೊಂದರೆ 6 ವಾರ ಮೀರಿದರೆ ಅದು ದೀರ್ಘಕಾಲದ ಪಿತ್ತಗಂಧೆ ಎನಿಸಿಕೊಳ್ಳುತ್ತದೆ. ಆಗ ಚರ್ಮತಜ್ಞರು ಪ್ರಮಾಣವನ್ನು ಹೆಚ್ಚಿಸಬಹುದು ಅಥವಾ ಒಮಾಲಿಜುಮ್ಯಾಬ್ ಚುಚ್ಚುಮದ್ದನ್ನು ಸೂಚಿಸಬಹುದು. ಒಂದೇ ದದ್ದು 24 ಗಂಟೆಗೂ ಹೆಚ್ಚು ಹೊತ್ತು ನಿಂತು ಕಲೆ ಉಳಿಸಿದರೂ ಅವರಿಗೆ ತೋರಿಸಬೇಕು. ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಈ ಮಾತ್ರೆಯನ್ನು ನಂಬಿ ಕೂರದೆ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕು. ಎನಾಲಪ್ರಿಲ್, ರಾಮಿಪ್ರಿಲ್‌ನಂತಹ ರಕ್ತದೊತ್ತಡದ ಮಾತ್ರೆಯಿಂದ ಬಂದ ಊತವಾದರೆ ಅದಕ್ಕೆ ಸೆಟಿರಿಜಿನ್ ನಾಟುವುದೇ ಇಲ್ಲ.