ಹತ್ತನೇ ಕ್ಲಾಸಿನ ಗಣಿತಕ್ಕೆ ಯಾವ ಆ್ಯಪ್? ನೆಟ್‌ವರ್ಕ್ ಕೈಕೊಡುವ ಊರುಗಳಿಗಾಗಿ ಒಂದು ವಿಮರ್ಶೆ

ಕಾರವಾರ, ಕುಮಟಾ ಪೇಟೆಯಲ್ಲಿ ಫೋನಿಗೆ ನೆಟ್ ಸಲೀಸಾಗಿ ಸಿಗುತ್ತದೆ. ದೇವಿಮನೆ ಘಟ್ಟ ಹತ್ತಿ ಒಳಗಿನ ತೋಟದ ಮನೆಗಳಿಗೆ ಹೋದರೆ, ಇಲ್ಲವೇ ಜೋಯಿಡಾ ಕಡೆ ಹೊರಳಿದರೆ ಹಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಹಾಗಾಗಿ ಉತ್ತರ ಕನ್ನಡದ ಮಕ್ಕಳಿಗೆ ಗಣಿತದ ಆ್ಯಪ್ ಆರಿಸುವಾಗ ಎರಡು ಸಂಗತಿ ನೋಡಬೇಕು: ನೆಟ್ ಇಲ್ಲದಾಗಲೂ ನಡೆಯುತ್ತದೆಯೇ, ಉತ್ತರ ತೋರಿಸುವ ಮೊದಲು ಮಗುವಿನ ಕೈಯಿಂದ ಏನಾದರೂ ಮಾಡಿಸುತ್ತದೆಯೇ. ಎರಡನೆಯದೇ ಹೆಚ್ಚು ಮುಖ್ಯ. ಎಸ್ಸೆಸ್ಸೆಲ್ಸಿ ಗಣಿತದ ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ದೊಡ್ಡ ಪಾಲು ಹಂತ ಹಂತವಾಗಿ ಬರೆಯುವ ಪ್ರಶ್ನೆಗಳದ್ದು. ಬರೀ ಉತ್ತರ ಗೊತ್ತಿದ್ದರೆ ಅಲ್ಲಿ ಸಾಲದು.

ಈ ಎರಡರಲ್ಲೂ ಮುಂದಿರುವುದು ಜಿಯೋಜೀಬ್ರಾ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರುಮಾಡಿದ, ರೇಖಾಗಣಿತದ ಚಿತ್ರ ಮತ್ತು ಗ್ರಾಫ್ ಬಿಡಿಸುವ ತಂತ್ರಾಂಶ ಇದು. ಕಲಿಯುವವರಿಗೂ ಕಲಿಸುವವರಿಗೂ ಪೂರ್ತಿ ಉಚಿತ, ಖಾತೆ ತೆರೆಯುವ ಗೋಜೂ ಇಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಚಿತ್ರ ಬಿಡಿಸಬಹುದು. ಬೇರೆಯವರು ಮಾಡಿಟ್ಟ ಸಿದ್ಧ ಪಾಠಗಳನ್ನು ತೆರೆಯಲು ಮಾತ್ರ ನೆಟ್ ಬೇಕು. ಶಾಲೆಯ ಕಂಪ್ಯೂಟರಿಗಾದರೆ ಪೇಟೆಯಲ್ಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು.

ಇದರ ನಿಜವಾದ ಬಲ ಗೊತ್ತಾಗುವುದು ವೃತ್ತಗಳ ಪಾಠದಲ್ಲಿ. ಬಾಹ್ಯಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯವನ್ನೇ ತೆಗೆದುಕೊಳ್ಳಿ. ಮೊದಲು ವೃತ್ತ, ಅದರಿಂದ ಸಾಕಷ್ಟು ದೂರದಲ್ಲಿ ಒಂದು ಬಿಂದು. ಟ್ಯಾಂಜೆಂಟ್ಸ್ ಟೂಲ್ ಆರಿಸಿ ಆ ಬಿಂದುವನ್ನೂ ವೃತ್ತವನ್ನೂ ಒತ್ತಿದರೆ ಎರಡು ಸ್ಪರ್ಶಕಗಳು ಬರುತ್ತವೆ. ಇಂಟರ್‌ಸೆಕ್ಟ್ ಟೂಲಿನಿಂದ ಸ್ಪರ್ಶಬಿಂದುಗಳನ್ನು ಗುರುತಿಸಿ, ಬಾಹ್ಯಬಿಂದುವಿನಿಂದ ಅಲ್ಲಿಗೆ ರೇಖಾಖಂಡ ಎಳೆದು, ಉದ್ದ ಅಳೆಯಬೇಕು. ಆಮೇಲೆ ಮೂವ್ ಟೂಲ್ ಹಿಡಿದು ಬಾಹ್ಯಬಿಂದುವನ್ನು ಎಳೆದಾಡಿದರೆ ಎರಡೂ ಉದ್ದಗಳು ಬದಲಾಗುತ್ತವೆ, ಆದರೆ ಒಟ್ಟೊಟ್ಟಿಗೇ, ಸಮವಾಗಿಯೇ. ಪುಸ್ತಕದ ನಿಂತ ಚಿತ್ರ ಇದನ್ನು ತೋರಿಸಲಾರದು. ಇಷ್ಟಾದರೂ ಇದು ಪ್ರಮೇಯದ ಸಾಧನೆ (ಪ್ರೂಫ್) ಅಲ್ಲ. ಕೇಂದ್ರದಿಂದ ತ್ರಿಜ್ಯಗಳನ್ನೆಳೆದು ಎರಡು ಲಂಬಕೋನ ತ್ರಿಭುಜಗಳು ಸರ್ವಸಮ ಎಂದು ಮಗು ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು. ಆದರೆ ಏನನ್ನು ಸಾಧಿಸುತ್ತಿದ್ದೇನೆ ಎಂಬುದು ಕಣ್ಣಿಗೆ ಕಟ್ಟಿದ ಮೇಲೆ ಆ ಬರಹಕ್ಕೆ ಜೀವ ಬರುತ್ತದೆ.

ಎಡವುವ ಜಾಗ ಎರಡು. ಬಿಂದುವನ್ನು ವೃತ್ತದ ತೀರಾ ಹತ್ತಿರ ಇಟ್ಟರೆ ಅದು ಪರಿಧಿಗೇ ಅಂಟಿಕೊಳ್ಳುತ್ತದೆ. ಆಗ ಒಂದೇ ಸ್ಪರ್ಶಕ ಬರುತ್ತದೆ, ಎಳೆದರೂ ಬಿಂದು ವೃತ್ತದ ಮೇಲೆಯೇ ಸುತ್ತುತ್ತದೆ. ಅದನ್ನು ಅಳಿಸಿ ದೂರದಲ್ಲಿ ಹೊಸದು ಇಡಬೇಕು. ಇನ್ನೊಂದು, ಇಂಟರ್‌ಸೆಕ್ಟ್ ಬಿಟ್ಟು ಕಣ್ಣಂದಾಜಿನಲ್ಲಿ ಬಿಂದು ಇಡುವುದು. ನಿಂತ ಚಿತ್ರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಎಳೆದ ಕೂಡಲೇ ಗೆರೆಗಳು ಕಳಚಿಕೊಳ್ಳುತ್ತವೆ. ಆದ್ದರಿಂದ ಎಳೆದು ನೋಡದ ಚಿತ್ರವನ್ನು ಶಿಕ್ಷಕರು ಒಪ್ಪಬಾರದು.

ವರ್ಗ ಸಮೀಕರಣಕ್ಕೂ ಇದೇ ಆ್ಯಪ್ ಸಾಕು. ಎಕ್ಸ್ ವರ್ಗ ಮೈನಸ್ 4 ಎಕ್ಸ್ ಪ್ಲಸ್ ಸಿ ಎಂದು ಟೈಪ್ ಮಾಡಿದರೆ ಸಿ ಬೆಲೆಗೆ ಸ್ಲೈಡರ್ ತಾನಾಗಿ ಮೂಡುತ್ತದೆ. ಸಿ 3 ಇದ್ದಾಗ ಪರವಲಯ ಅಡ್ಡ ಅಕ್ಷವನ್ನು 1 ಮತ್ತು 3ರಲ್ಲಿ ಕತ್ತರಿಸುತ್ತದೆ, 4 ಆದಾಗ 2ರಲ್ಲಿ ಮುಟ್ಟಿ ನಿಲ್ಲುತ್ತದೆ, 5ಕ್ಕೆ ಒಯ್ದರೆ ಅಕ್ಷ ಬಿಟ್ಟು ಮೇಲೇರುತ್ತದೆ. ಪ್ರತಿ ಸಲವೂ ಶೋಧಕದ (ಬಿ ವರ್ಗ ಮೈನಸ್ 4 ಎಸಿ) ಬೆಲೆಯನ್ನು ಕೈಯಲ್ಲೇ ಲೆಕ್ಕ ಹಾಕಿಸಿ: 4, ಸೊನ್ನೆ, ಮೈನಸ್ 4. ಮೂಲಗಳ ಸ್ವಭಾವದ ಮೂರು ನಿಯಮಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಉಳಿಯುವುದಿಲ್ಲ. ತ್ರಿಕೋನಮಿತಿಗೆ ಬಂದಾಗ ಒಂದು ಎಚ್ಚರಿಕೆ: ಸೈನ್ 30 ಎಂದಷ್ಟೇ ಬರೆದರೆ ಆ್ಯಪ್ ಅದನ್ನು ರೇಡಿಯನ್ (ಕೋನದ ಇನ್ನೊಂದು ಅಳತೆ) ಎಂದು ತಿಳಿದು ಮೈನಸ್ 0.988 ಕೊಡುತ್ತದೆ. ಡಿಗ್ರಿ ಚಿಹ್ನೆ ಹಾಕಿದರೆ 0.5. ಮಗು ಗಾಬರಿಯಾಗಿ ತನ್ನ ಸೂತ್ರವನ್ನೇ ಅನುಮಾನಿಸುವ ಮೊದಲೇ ಇದನ್ನು ಹೇಳಿಕೊಡಬೇಕು.

ಅಭ್ಯಾಸಕ್ಕೆ ಖಾನ್ ಅಕಾಡೆಮಿ. ಲಾಭದ ಉದ್ದೇಶವಿಲ್ಲದ ಸಂಸ್ಥೆ, ಕನ್ನಡದಲ್ಲೂ ಗಣಿತ ಇದೆ, ಜಾಹೀರಾತಿನ ಕಾಟವಿಲ್ಲ. ಸುಳಿವು ನೋಡಿದರೆ ಆ ಪ್ರಶ್ನೆ ತಪ್ಪಿನ ಲೆಕ್ಕಕ್ಕೇ ಹೋಗುತ್ತದೆ. ಇದು ಕಠಿಣವೆನಿಸಿದರೂ ಒಳ್ಳೆಯ ನಿಯಮ, ಸುಳಿವು ಒತ್ತುವ ಮೊದಲು ಮಗು ಇನ್ನೊಮ್ಮೆ ಯೋಚಿಸುತ್ತದೆ. ವೀಡಿಯೊಗಳನ್ನು ಆ್ಯಪಿನಲ್ಲಿ ಉಳಿಸಿಟ್ಟುಕೊಂಡು ನೆಟ್ ಇಲ್ಲದಾಗ ನೋಡಬಹುದು, ಅಭ್ಯಾಸದ ಪ್ರಶ್ನೆಗಳಿಗೆ ಮಾತ್ರ ನೆಟ್ ಬೇಕು. ಕೊರತೆ ಏನೆಂದರೆ, ಪೆಟ್ಟಿಗೆಯಲ್ಲಿ ಕೇಳುವುದು ಕೊನೆಯ ಉತ್ತರವನ್ನಷ್ಟೇ. ನಡುವಿನ ಸಾಲುಗಳನ್ನು ಯಾರೂ ನೋಡುವುದಿಲ್ಲ. ಮೊಬೈಲಿನ ಪಕ್ಕ ಒಂದು ನೋಟ್‌ಬುಕ್ ಇಡಿಸಿ, ಪ್ರತಿ ಪ್ರಶ್ನೆಯ ಹಂತಗಳನ್ನು ಬರೆಸಿ, ವಾರಕ್ಕೊಮ್ಮೆ ಮನೆಯವರೋ ಶಿಕ್ಷಕರೋ ಅದನ್ನು ತಿರುವಿ ಹಾಕಿದರೆ ಈ ಕೊರತೆ ನೀಗುತ್ತದೆ.

ಸರ್ಕಾರದ ದೀಕ್ಷಾ ಆ್ಯಪಿನ ಅನುಕೂಲ, ಅದು ನಮ್ಮ ಪಠ್ಯಪುಸ್ತಕಕ್ಕೇ ಜೋಡಿಸಿರುವುದು. ಪುಸ್ತಕದಲ್ಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಮಳೆಗೆ ನೆನೆದ ಪುಟದಲ್ಲಿ ಸ್ಕ್ಯಾನ್ ಆಗದಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಬಹುದು. ನೆಟ್ ಸಿಗುವಲ್ಲಿ ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ಗುಣಮಟ್ಟ ಮಾತ್ರ ಒಂದೇ ಸಮ ಇಲ್ಲ, ಶಿಕ್ಷಕರು ಮೊದಲು ನೋಡಿ ಆರಿಸಿಕೊಡುವುದು ಒಳ್ಳೆಯದು.

ಫೋಟೊ ಹೊಡೆದರೆ ಲೆಕ್ಕ ಬಿಡಿಸುವ ಫೋಟೊಮ್ಯಾಥ್‌ನಂಥ ಆ್ಯಪ್‌ಗಳನ್ನು ಮಗುವಿನ ಕೈಗೆ ಮೊದಲೇ ಕೊಡಬೇಡಿ. ಹಂತಗಳನ್ನು ಚೆನ್ನಾಗಿಯೇ ತೋರಿಸುತ್ತವೆ, ಅದು ಸುಳ್ಳಲ್ಲ. ಆದರೆ ಪ್ರಶ್ನೆಪತ್ರಿಕೆ ವರ್ಜಿಸುವ ವಿಧಾನದಿಂದ ಬಿಡಿಸಿ ಎಂದಾಗ ಆದೇಶ ವಿಧಾನದ ಹಂತಗಳನ್ನು ನಕಲು ಮಾಡಿಕೊಂಡರೆ ಪ್ರಯೋಜನವಿಲ್ಲ. ವಾಕ್ಯದ ಲೆಕ್ಕವನ್ನು ಸಮೀಕರಣಕ್ಕೆ ತರುವ ಕಷ್ಟದ ಕೆಲಸವನ್ನಂತೂ ಮಗುವೇ ಕಲಿಯಬೇಕು. ಬರೆದು ಮುಗಿಸಿದ ಮೇಲೆ ತಾಳೆ ನೋಡಲು ಬಳಸಿದರೆ ಉಪಕಾರಿ.

ಪುನರಾವರ್ತನೆಗೆ ಆಂಕಿ ಎಂಬ ಕಾರ್ಡುಗಳ ಆ್ಯಪ್. ಆಂಡ್ರಾಯ್ಡಿನಲ್ಲಿ ಉಚಿತ, ನೆಟ್ ಬೇಡ. ಕಾರ್ಡಿನ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ನೆನಪಿದ್ದ ಕಾರ್ಡು ತಡವಾಗಿ, ಮರೆತದ್ದು ಬೇಗ ಮರಳಿ ಬರುತ್ತದೆ. ದಿನಕ್ಕೆ 20 ಹೊಸ ಕಾರ್ಡು ಎಂದು ಮೊದಲೇ ನಿಗದಿಯಾಗಿರುತ್ತದೆ. ಅದನ್ನು 5ಕ್ಕೆ ಇಳಿಸಿ, ಇಲ್ಲದಿದ್ದರೆ ಚೌತಿಯ ರಜೆ ಮುಗಿಸಿ ಬಂದಾಗ ಕಾರ್ಡುಗಳ ರಾಶಿ ಕಂಡು ಮಗು ಕೈಬಿಡುತ್ತದೆ. ಶಿರಸಿಯವರಿಗೆ ಇದು ಇನ್ನೂ ಮುಖ್ಯ, ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆ ಪರೀಕ್ಷೆಯ ಹೊಸ್ತಿಲಿಗೇ ಬರುತ್ತದೆ. ಉದ್ದದ ಪ್ರಮೇಯವನ್ನು ಇಡಿಯಾಗಿ ಕಾರ್ಡಿಗೆ ಹಾಕಬೇಡಿ. ಒಂದು ಕಾರ್ಡಿಗೆ ಒಂದೇ ಸಂಗತಿ: ಸಮಾಂತರ ಶ್ರೇಢಿಯ ಮೊತ್ತದ ಸೂತ್ರ, ಅಥವಾ ಮಗು ತಪ್ಪಿದ ಲೆಕ್ಕ ಮತ್ತು ಹಿಂದುಗಡೆ ತಪ್ಪಿದ ಹಂತ.

ಕೊನೆಯದಾಗಿ ಶಿಕ್ಷಕರಿಗೆ ಗೂಗಲ್ ಫಾರ್ಮ್. ಕಿರುಪರೀಕ್ಷೆಗೆ ಹಗುರ, ತಿದ್ದುವ ಕೆಲಸವೂ ತಪ್ಪುತ್ತದೆ. ಉತ್ತರ ಟೈಪ್ ಮಾಡುವ ಪ್ರಶ್ನೆಯಲ್ಲಿ ನೀವು 0.5 ಎಂದು ಮಾತ್ರ ಕೊಟ್ಟಿದ್ದರೆ 1/2 ಎಂದು ಬರೆದ ಮಗುವಿಗೆ ಸೊನ್ನೆ ಬೀಳುತ್ತದೆ, ಎರಡನ್ನೂ ಸರಿಯುತ್ತರವಾಗಿ ಸೇರಿಸಿ. ಬಹು ಆಯ್ಕೆಯಾದರೆ ತಪ್ಪು ಆಯ್ಕೆಗಳನ್ನು ಮಕ್ಕಳು ನಿಜಕ್ಕೂ ಮಾಡುವ ತಪ್ಪುಗಳಿಂದಲೇ ತಯಾರಿಸಿ. ತ್ರಿಜ್ಯ 7, ಎತ್ತರ 24 ಸೆಂಟಿಮೀಟರ್ ಇರುವ ಶಂಕುವಿನ ಪಾರ್ಶ್ವ ಮೇಲ್ಮೈ ವಿಸ್ತೀರ್ಣ ಕೇಳಿ, 550, 528, 704, 1232 ಎಂದು ಕೊಡಿ. 550 ಸರಿ. 528 ಒತ್ತಿದವರು ಓರೆ ಎತ್ತರದ ಬದಲು ಎತ್ತರವನ್ನೇ ಹಾಕಿದ್ದಾರೆ, 704 ಒತ್ತಿದವರು ಪಾದವನ್ನೂ ಸೇರಿಸಿದ್ದಾರೆ, 1232 ಒತ್ತಿದವರು ಘನಫಲ ಕಂಡುಹಿಡಿದಿದ್ದಾರೆ. ಮರುದಿನ ತರಗತಿಯಲ್ಲಿ ಯಾರ ಬಳಿ ಕೂತು ಏನು ಹೇಳಿಕೊಡಬೇಕೆಂಬುದು ಆ ಒಂದು ಪ್ರಶ್ನೆಯಿಂದಲೇ ಗೊತ್ತಾಗುತ್ತದೆ.