ಹಿಂಜಸ್ ಸವೆದಿತ್ತು, ಕೊನೆಗೆ ಗಾಜೂ ಒಡೆಯಿತು: ಡಬಲ್ ಗ್ಲಾಸ್ ಕಿಟಕಿ ರಿಪೇರಿ ಮಾಡಿಸುವವರಿಗೆ ಎಚ್ಚರಿಕೆ

ಮೈಸೂರಿನ ವಿಜಯನಗರದ ಒಂದು ಮನೆ. ಮೊದಲ ಮಹಡಿಯ ಕೋಣೆಯಲ್ಲಿ ಹೊರಕ್ಕೆ ತೆರೆಯುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ. ಶಟರ್, ಅಂದರೆ ತೆರೆದು ಮುಚ್ಚುವ ಭಾಗ, 600 ಮಿ.ಮೀ. ಅಗಲ, 1200 ಮಿ.ಮೀ. ಎತ್ತರ. ಅದರಲ್ಲಿ 5-12-5 ಗಾಜು, ಅಂದರೆ 5 ಮಿ.ಮೀ. ಗಾಜು ಎರಡು, ನಡುವೆ 12 ಮಿ.ಮೀ. ಜಾಗ. ಹ್ಯಾಂಡಲ್ ಕಡೆಯ ಕೆಳಮೂಲೆ ಫ್ರೇಮಿಗೆ ಉಜ್ಜುತ್ತಿತ್ತು, ಮುಚ್ಚುವಾಗ ಶಟರನ್ನು ಸ್ವಲ್ಪ ಎತ್ತಿ ಹಿಡಿಯಬೇಕಾಗಿತ್ತು. ದೂರು ಇಷ್ಟೇ. ಫಿಟ್ಟರ್ ಮೂರು ಸಲ ಬಂದುಹೋದ ಮೇಲೆ ಲಾಕ್ ಮುರಿದಿತ್ತು, ಶಟರಿನ ಅಂಚು ಗ್ರೈಂಡರ್‌ಗೆ ಸಿಕ್ಕಿ ಹಾಳಾಗಿತ್ತು, ಹೊರಗಿನ ಗಾಜು ಪುಡಿಯಾಗಿತ್ತು. ಯಾವ ಅಂಗಡಿ ಎಂದು ಬರೆಯುವುದಿಲ್ಲ. ಎಲ್ಲೆಲ್ಲಿ ತಪ್ಪಾಯಿತು, ಯಾಕೆ ಆಯಿತು ಎಂದು ತಿಳಿದಿದ್ದರೆ ಯಾರು ರಿಪೇರಿಗೆ ಬಂದರೂ ನೀವು ಪಕ್ಕದಲ್ಲಿ ನಿಂತು ತಡೆಯಬಹುದು.

ಮೊದಲ ಸಲ ಬಂದ ಫಿಟ್ಟರ್ ಕೆಳಗಿನ ಹಿಂಜಸ್ ತುಕ್ಕು ಹಿಡಿದದ್ದನ್ನು ನೋಡಿ ಅದೊಂದನ್ನೇ ಬದಲಿಸಿದ. ಈ ಕಿಟಕಿಗಳಲ್ಲಿ ಇರುವುದು ಮರದ ಕಿಟಕಿಯ ಹಿಂಜಸ್ ಅಲ್ಲ, ಫ್ರಿಕ್ಷನ್ ಹಿಂಜಸ್: ಶಟರಿನ ಮೇಲೊಂದು, ಕೆಳಗೊಂದು, ಅಡ್ಡಡ್ಡ ಕೂತಿರುವ ಪಟ್ಟಿಗಳು. ಮಡಿಸಿದಾಗ ಅದರ ಒಟ್ಟು ದಪ್ಪ ಎಷ್ಟು ಎನ್ನುವುದು ಎಲ್ಲಕ್ಕಿಂತ ಮುಖ್ಯ. ಮಾರುಕಟ್ಟೆಯಲ್ಲಿ 13 ಮಿ.ಮೀ.ಯದೂ ಇದೆ, 17 ಮಿ.ಮೀ.ಯದೂ ಇದೆ. ಹಳೆಯದು 13, ಹಾಕಿದ್ದು 17. ಉದ್ದ ಎರಡರದ್ದೂ ಒಂದೇ ಇದ್ದದ್ದರಿಂದ ಸ್ಕ್ರೂ ಕೂತಿತು, ಆದರೆ ಶಟರ್ 4 ಮಿ.ಮೀ. ಮೇಲೆದ್ದು ತಲೆ ಫ್ರೇಮಿಗೆ ತಾಗತೊಡಗಿತು. ಆಗ ಮೇಲಿನ ಅಂಚನ್ನು ಗ್ರೈಂಡರ್‌ನಲ್ಲಿ ಸವೆಸಿದರು. ಅಲ್ಲಿ ರಬ್ಬರ್ ಗ್ಯಾಸ್ಕೆಟ್ ಒತ್ತಿ ಕೂರುವ ಜಾಗವಿತ್ತು. ಅದು ಹೋದ ಮೇಲೆ ಮಳೆನೀರಿಗೂ ರಸ್ತೆಯ ಸದ್ದಿಗೂ ಅಡ್ಡಿಯೇ ಉಳಿಯಲಿಲ್ಲ.

ಎರಡನೇ ಹಾನಿ ಲಾಕಿಗೆ. ಶಟರಿನ ಉದ್ದಕ್ಕೂ ಓಡುವ ಲಾಕ್ ಪಟ್ಟಿಯಲ್ಲಿ ಹೊರಚಾಚಿದ ಸಣ್ಣ ಗುಂಡಿಗಳಿರುತ್ತವೆ. ಹ್ಯಾಂಡಲ್ ತಿರುಗಿಸಿದಾಗ ಅವು ಮೇಲೆ ಕೆಳಗೆ ಸರಿದು ಫ್ರೇಮಿನಲ್ಲಿರುವ ಕೀಪರ್‌ಗಳ (ಗುಂಡಿಯನ್ನು ಹಿಡಿದುಕೊಳ್ಳುವ ತುಂಡುಗಳ) ಒಳಗೆ ಸಿಕ್ಕಿಕೊಳ್ಳುತ್ತವೆ. ಶಟರ್ 4 ಮಿ.ಮೀ. ಏರಿದರೆ ಗುಂಡಿಗಳೂ ಅಷ್ಟೇ ಏರುತ್ತವೆ, ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ. "ಸ್ವಲ್ಪ ಟೈಟ್ ಇದೆ ಸಾರ್, ಜೋರಾಗಿ ತಿರುಗಿಸಿ, ಆಮೇಲೆ ಸೆಟ್ ಆಗ್ತದೆ" ಎಂದು ಹೇಳಿ ಹೋದರು. ಹ್ಯಾಂಡಲಿನ ಹಿಂದಿರುವ ಗೇರ್ ಪೆಟ್ಟಿಗೆಯಲ್ಲಿ ಎರಕದ ಸಣ್ಣ ಹಲ್ಲುಗಳಿರುತ್ತವೆ, ಅವಕ್ಕೆ ಅಷ್ಟು ಬಲ ತಡೆಯುವ ಶಕ್ತಿಯಿಲ್ಲ. ಮುರಿದವು, ಅದೂ ಕಿಟಕಿ ಮುಚ್ಚಿದ್ದಾಗಲೇ. ಮೂರನೇ ಭೇಟಿಯಲ್ಲಿ ಬೀಡಿಂಗ್ (ಗಾಜನ್ನು ಸುತ್ತಲೂ ಹಿಡಿದಿಡುವ ಪಟ್ಟಿ) ಬಿಚ್ಚಿ ಗಾಜು ತೆಗೆದು ಒಳಗಿನಿಂದ ಲಾಕ್ ಬಿಡಿಸಲು ಹೊರಟವರು ಮೂಲೆಗೆ ಸ್ಕ್ರೂಡ್ರೈವರ್ ತೂರಿ ಮೀಟಿದರು. ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಮುಖಕ್ಕೆ ಬಿದ್ದ ಏಟನ್ನು ತಡೆಯುತ್ತದೆ, ಅಂಚಿಗೆ ಬಿದ್ದದ್ದನ್ನು ತಡೆಯುವುದಿಲ್ಲ.

ಇಷ್ಟಾದ ಮೇಲೆ ಹೇಳಿದ ಮಾತು: ಇಡೀ ಕಿಟಕಿ ಹೋಗಿದೆ, ಹೊಸದೇ ಹಾಕಬೇಕು. ಅದು ಸುಳ್ಳು. ಫ್ರೇಮ್ ಗಟ್ಟಿಯಾಗಿರುವಾಗ ಹಿಂಜಸ್, ಲಾಕ್, ಹ್ಯಾಂಡಲ್, ಗಾಜು ಪ್ರತಿಯೊಂದನ್ನೂ ಬಿಡಿಯಾಗಿ ಬದಲಿಸಬಹುದು. ಗ್ರೈಂಡರ್ ಹಿಡಿಯದೇ ಇದ್ದಿದ್ದರೆ ಆ ಶಟರೂ ಉಳಿಯುತ್ತಿತ್ತು.

ನೋವಿನ ಸಂಗತಿ ಎಂದರೆ, ಹಿಂಜಸ್ ಬದಲಿಸುವ ಮೊದಲೇ ನೋಡಬೇಕಾದದ್ದು ಬೇರೆ ಇತ್ತು. ಗಾಜಿನ ತೂಕ ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ಎರಡು ಗಾಜು ಸೇರಿ 10 ಮಿ.ಮೀ., ಅಂದರೆ ಚದರ ಮೀಟರಿಗೆ 25 ಕೆ.ಜಿ. ಈ ಶಟರಿನಲ್ಲಿ ಗಾಜೇ ಸುಮಾರು 14 ಕೆ.ಜಿ. ಅಷ್ಟು ಭಾರವನ್ನು ಪ್ಲಾಸ್ಟಿಕ್ ಚೌಕಟ್ಟು ತಾನೇ ಹೊರುವುದಿಲ್ಲ. ಗಾಜಿನ ಸುತ್ತ ಇಡುವ ಪ್ಯಾಕಿಂಗ್ ತುಂಡುಗಳು ಭಾರವನ್ನು ಹಿಂಜಸ್ ಕಡೆಗೆ ದಾಟಿಸುತ್ತವೆ: ಹಿಂಜಸ್ ಕಡೆಯ ಕೆಳಮೂಲೆಯಲ್ಲಿ ಒಂದು, ಅದಕ್ಕೆ ಓರೆಯಾಗಿ ಎದುರಿನ, ಅಂದರೆ ಹ್ಯಾಂಡಲ್ ಕಡೆಯ ಮೇಲ್ಮೂಲೆಯಲ್ಲಿ ಇನ್ನೊಂದು. ಆಗ ಗಾಜೇ ಶಟರನ್ನು ಓರೆಯಾಗಿ ಆನಿಸಿ ಹಿಡಿಯುತ್ತದೆ. ಮೇಲಿನ ತುಂಡು ಜಾರಿದರೆ, ಅಥವಾ ಮೊದಲಿನಿಂದಲೂ ಇಡದೇ ಹೋದರೆ, ಚೌಕ ಓರೆಯಾಗಿ ಹ್ಯಾಂಡಲ್ ಮೂಲೆ ಇಳಿಯುತ್ತದೆ.

ಯಾವುದು ಕಾರಣ ಎಂದು ತಿಳಿಯಲು ಟೇಪ್ ಸಾಕು. ಶಟರಿನ ಎರಡು ಕರ್ಣಗಳನ್ನು ಅಳೆಯಿರಿ. 2-3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪ್ಯಾಕಿಂಗ್ ಸಡಿಲವಾಗಿದೆ. ಕರ್ಣಗಳು ಸಮನಾಗಿದ್ದೂ ಶಟರ್ ಜೋತಿದ್ದರೆ, ಪೂರ್ತಿ ತೆರೆದು ಹ್ಯಾಂಡಲ್ ಕಡೆಯ ಅಂಚನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ ನೋಡಿ. ಹಿಂಜಸ್‌ನ ರಿವೆಟ್‌ಗಳಲ್ಲಿ ಅಲ್ಲಾಟ ಕಂಡರೆ ಅದು ಸವೆದಿದೆ. ಪ್ಯಾಕಿಂಗ್ ಸರಿಪಡಿಸುವಾಗ 1 ಅಥವಾ 2 ಮಿ.ಮೀ. ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತಾ ಕರ್ಣ ಸಮವಾಗುವವರೆಗೆ ಹೋಗಬೇಕು. ತುಂಡಿನ ಅಗಲ ಗಾಜಿನ ಒಟ್ಟು ದಪ್ಪಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ. 5-12-5 ಸೇರಿ 22 ಮಿ.ಮೀ. ಆದ ಗಾಜಿಗೆ 24. ಒಂದೇ ಗಾಜು ಪ್ಯಾಕಿಂಗ್ ಮೇಲೆ ಕೂತು ಇನ್ನೊಂದು ತೂಗಾಡಿದರೆ ನಡುವಿನ ಸೀಲ್ ಹರಿಯುತ್ತದೆ. ಮರದ ಚೂರು, ರಟ್ಟು ಇಡಲು ಬಿಡಬೇಡಿ. ನೀರು ಕುಡಿದು ಉಬ್ಬುತ್ತವೆ, ಆಮೇಲೆ ಕೊಳೆಯುತ್ತವೆ.

ಬೀಡಿಂಗ್ ತೆಗೆಯುವ ಕ್ರಮವೂ ಇದೆ. ಉದ್ದದ ಬೀಡಿಂಗ್ ಮೊದಲು, ಅದೂ ನಡುವಿನಿಂದ. ಪುಟ್ಟಿ ಬ್ಲೇಡನ್ನು ಬೀಡಿಂಗ್ ಮತ್ತು ಶಟರಿನ ನಡುವೆ ಇಡಬೇಕು, ಗಾಜಿನ ಕಡೆ ಅಲ್ಲವೇ ಅಲ್ಲ. ತೆಗೆದ ಪ್ರತಿಯೊಂದರ ಹಿಂದೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಹಾಕುವಾಗ ಮೇಲಿನ, ಕೆಳಗಿನ ಗಿಡ್ಡ ಬೀಡಿಂಗ್ ಮೊದಲು, ಉದ್ದದವನ್ನು ಕೊನೆಯಲ್ಲಿ ಸ್ವಲ್ಪ ಬಾಗಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು.

ಹಿಂಜಸ್ ಬದಲಿಸಲೇಬೇಕಾದರೆ ಮೇಲಿನದು, ಕೆಳಗಿನದು ಎರಡನ್ನೂ ಒಟ್ಟಿಗೆ ಬದಲಿಸಿ. ಅಂಗಡಿಗೆ ಫೋಟೋ ಒಯ್ದರೆ ಸಾಲದು, ಹಳೆಯ ಹಿಂಜಸ್ಸನ್ನೇ ಒಯ್ಯಿರಿ. ಉದ್ದ, ಮಡಿಸಿದ ದಪ್ಪ, ಪಟ್ಟಿಯ ಅಗಲ, ತೂತುಗಳ ಜಾಗ ನಾಲ್ಕೂ ಹೊಂದಬೇಕು. ಬಚ್ಚಲುಮನೆಯ ಮೇಲಿನಿಂದ ತೂಗುವ ಕಿಟಕಿಯ ಹಿಂಜಸ್ ಬೇರೆ ಬಗೆಯದು, ಅದನ್ನು ಪಕ್ಕಕ್ಕೆ ತೆರೆಯುವ ಶಟರಿಗೆ ಹಾಕಲಾಗದು. ಬಿಚ್ಚುವ ಮೊದಲು ಹಳೆಯದರ ಸುತ್ತ ಪೆನ್ಸಿಲ್ ಗೆರೆ ಎಳೆದಿಡಿ, ಹೊಸದು ಅದೇ ಜಾಗಕ್ಕೆ ಬರಬೇಕು. ಮಹಡಿಯ ಮೇಲಾದರೆ ಇಬ್ಬರು ಬೇಕೇ ಬೇಕು, ಕೆಳಗೆ ಯಾರೂ ಓಡಾಡದಂತೆ ನೋಡಿಕೊಳ್ಳಿ. ಸ್ಕ್ರೂವನ್ನು ಕೊನೆಯ ಎರಡು ಸುತ್ತು ಕೈಯಿಂದ ಬಿಗಿಯಲು ಹೇಳಿ. ಡ್ರಿಲ್ ಯಂತ್ರ ಪೂರ್ತಿ ವೇಗದಲ್ಲಿ ತಿರುಗಿದರೆ ಪಿವಿಸಿಯ ಎಳೆ ಕಿತ್ತು ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಹಾಗಾದ ತೂತಿಗೆ ಬೆಂಕಿಕಡ್ಡಿ ತುರುಕುವುದು ನಮ್ಮಲ್ಲಿ ಅಭ್ಯಾಸ. ಮರಕ್ಕೆ ಅದು ಸರಿ, ಇಲ್ಲಿ ನಿಲ್ಲುವುದಿಲ್ಲ. ಒಂದು ಅಳತೆ ಹೆಚ್ಚು ದಪ್ಪದ ಸ್ಕ್ರೂ ಹಾಕಬೇಕು. ಒಳಗೆ ಕಬ್ಬಿಣದ ಪಟ್ಟಿ ಇದ್ದರೆ ತಾನೇ ಕೊರೆದುಕೊಳ್ಳುವ ಮೊನೆಯ ಸ್ಕ್ರೂ ಬೇಕು.

ಹ್ಯಾಂಡಲ್ ಕೊಳ್ಳುವಾಗ ಸಾಮಾನ್ಯವಾಗಿ ಕಾಣುವ ಅಳತೆ: 7 ಮಿ.ಮೀ. ಚೌಕದ ಕಡ್ಡಿ, ಎರಡು ಸ್ಕ್ರೂ ತೂತುಗಳ ನಡುವೆ 43 ಮಿ.ಮೀ. ಕಡ್ಡಿಯ ಉದ್ದ ಮಾತ್ರ ಕಿಟಕಿಯಿಂದ ಕಿಟಕಿಗೆ ಬೇರೆ. ಲಾಕ್ ಪಟ್ಟಿಗೆ ಇನ್ನೊಂದು ಅಳತೆ ಸೇರಿಸಿ: ಪಟ್ಟಿಯ ಮುಖದಿಂದ ಚೌಕ ತೂತಿನ ನಡುವಿಗೆ ಎಷ್ಟು ಮಿ.ಮೀ. ಇದು ತಪ್ಪಿದರೆ ಹ್ಯಾಂಡಲಿನ ತೂತಿಗೆ ಪಟ್ಟಿ ಎದುರಾಗುವುದೇ ಇಲ್ಲ. ಹಾಕಿದ ಮೇಲೆ ಶಟರ್ ತೆರೆದಿಟ್ಟೇ ಹ್ಯಾಂಡಲ್ ನಾಲ್ಕೈದು ಸಲ ತಿರುಗಿಸಿ ನೋಡಿ. ತೆರೆದಾಗ ಹಗುರ, ಮುಚ್ಚಿದಾಗ ಬಿಗಿ ಎಂದರೆ ದೋಷ ಲಾಕಿನಲ್ಲಿಲ್ಲ, ಗುಂಡಿ ಮತ್ತು ಕೀಪರ್ ಎದುರುಬದುರಾಗಿಲ್ಲ.

ಗಾಜು ಮಂಜಾಗಿದೆಯೇ? ಒಳಗಿನಿಂದಲೂ ಹೊರಗಿನಿಂದಲೂ ಒರೆಸಿದರೂ ಹೋಗದಿದ್ದರೆ ತೇವ ಎರಡು ಗಾಜುಗಳ ನಡುವೆ ಸೇರಿದೆ. ಸೀಲ್ ಹೋಗಿ, ಅಂಚಿನ ಪಟ್ಟಿಯೊಳಗಿನ ತೇವ ಹೀರುವ ಕಾಳುಗಳು ತುಂಬಿಹೋಗಿವೆ. ತೂತು ಕೊರೆದು ಒಣಗಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಕೊರೆದರೆ ಟಫನ್ಡ್ ಗಾಜು ಆಗಲೇ ಪುಡಿ, ಸಾದಾ ಗಾಜಾದರೂ ಕಳೆದುಹೋದ ಸೀಲ್ ಹಿಂತಿರುಗುವುದಿಲ್ಲ. ಆ ಗಾಜಿನ ಜೋಡಿಯನ್ನಷ್ಟೇ ಬದಲಿಸಬೇಕು. ಅಳತೆಯನ್ನು ಬೀಡಿಂಗ್ ಬಿಚ್ಚಿದ ಮೇಲೆ ತೆಗೆಯಿಸಿ: ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಎರಡರಲ್ಲೂ ಅತಿ ಚಿಕ್ಕದನ್ನು ಹಿಡಿದು 10 ಮಿ.ಮೀ. ಕಳೆಯಬೇಕು, ಪ್ರತಿ ಪಕ್ಕಕ್ಕೆ 5 ಉಳಿಯುವಂತೆ. ಟಫನ್ಡ್ ಆದ ಗಾಜನ್ನು ಮತ್ತೆ ಕತ್ತರಿಸಲು ಬರುವುದಿಲ್ಲ. ತಪ್ಪು ಅಳತೆ ಎಂದರೆ ಅದು ವ್ಯರ್ಥವಾದಂತೆಯೇ. ಒಟ್ಟು ದಪ್ಪವೂ ಹಳೆಯದಕ್ಕೆ ಸಮ ಇರಲಿ. 22ರ ಜಾಗಕ್ಕೆ 20 ತಂದರೆ ಬೀಡಿಂಗ್ ಹಿಡಿಯದೆ ಗಾಜು ಕಡಕಡ ಎನ್ನುತ್ತದೆ.

ಆ ವಿಜಯನಗರದ ಮನೆಯ ಪಕ್ಕದ ಕಿಟಕಿಗೆ ಇದೇ ಜನ "ನೀರು ಬರದ ಹಾಗೆ" ಸಿಲಿಕಾನ್ ಬಳಿದು ಹೋಗಿದ್ದರು, ಫ್ರೇಮಿನ ಕೆಳಗಿನ ನೀರು ಹೋಗುವ ತೂತುಗಳನ್ನೂ ಸೇರಿಸಿ. ಇದು ತುಂಬಾ ಕೆಟ್ಟ ಕೆಲಸ. ಈ ಕಿಟಕಿಗಳೊಳಗೆ ಸ್ವಲ್ಪ ನೀರು ಬರುವುದೇ, ಅದು ಆ ತೂತುಗಳಿಂದ ಹೊರಹೋಗಬೇಕು. ಮುಚ್ಚಿದರೆ ಗಾಜಿನ ಕೆಳ ಅಂಚು ನೀರಲ್ಲೇ ನಿಂತು ಸೀಲ್ ಕೊಳೆಯುತ್ತದೆ. ಸಿಲಿಕಾನ್ ಬಳಿಯುವಾಗ ವಿನೆಗರ್‌ನಂತಹ ಹುಳಿ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ಆ ಬಗೆಯದು ಡಬಲ್ ಗ್ಲಾಸಿನ ಸೀಲನ್ನೂ ಲೋಹವನ್ನೂ ತಿನ್ನುತ್ತದೆ. ಡಬ್ಬಿಯ ಮೇಲೆ ನ್ಯೂಟ್ರಲ್ ಎಂದು ಬರೆದದ್ದೇ ಬೇಕು. ದಸರೆಗೆ ಮುಂಚೆ ಮನೆಗೆ ಬಣ್ಣ ಹೊಡೆಸುವವರು ಇದನ್ನು ವಿಶೇಷವಾಗಿ ಗಮನಿಸಿ. ಪುಟ್ಟಿ, ಬಣ್ಣದ ಹನಿ ಈ ತೂತುಗಳಲ್ಲಿ ಕೂತರೆ ಹಿಂಗಾರು ಮಳೆಗೆ ನೀರು ಒಳಗೆ ಇಳಿಯುತ್ತದೆ. ಫ್ರೇಮಿನ ಕೆಳಭಾಗಕ್ಕೆ ಒಂದು ಚೊಂಬು ನೀರು ಸುರಿದು ಹೊರಗೆ ಬರುತ್ತದೆಯೇ ಎಂದು ನೋಡಿ, ಬರದಿದ್ದರೆ ತೆಳು ತಂತಿಯಿಂದ ಬಿಡಿಸಿ.

ಮೈಸೂರು, ಮಂಡ್ಯದ ಹೊಸ ಮನೆಗಳಲ್ಲಿ ಸ್ಲೈಡಿಂಗ್ ಕಿಟಕಿಯೂ ಸಾಕಷ್ಟಿವೆ, ಅವುಗಳ ಬಗ್ಗೆ ಒಂದು ಮಾತು. ವೀಲ್ ಸವೆದರೆ ಶಟರಿನ ಎರಡೂ ವೀಲ್ ಬದಲಿಸಿ. ಚಕ್ರದ ಸುತ್ತಲಿನ ಕಚ್ಚು ಟ್ರ್ಯಾಕಿಗೆ ಹೊಂದಬೇಕು, ಡಬಲ್ ಗ್ಲಾಸಿನ ತೂಕ ಹೊರುವಂಥದ್ದಿರಬೇಕು. ಶಟರನ್ನು ಎತ್ತಿ ಹೊರತೆಗೆಯಲು ಮೇಲಿನ ಟ್ರ್ಯಾಕಿನಲ್ಲಿರುವ ತಡೆ ತುಂಡನ್ನು ಮೊದಲು ಬಿಚ್ಚುತ್ತಾರೆ. ಕೆಲಸ ಮುಗಿದ ಮೇಲೆ ಅದು ಮರಳಿ ಕೂತಿದೆಯೇ ಎಂದು ಸ್ವತಃ ಕೈಯಿಟ್ಟು ನೋಡಿ. ಅದಿಲ್ಲದಿದ್ದರೆ ಶಟರನ್ನು ಹೊರಗಿನಿಂದಲೇ ಎತ್ತಿ ತೆಗೆಯಬಹುದು, ಜೋರಾಗಿ ಎಳೆದಾಗ ಕೆಳಗೂ ಬೀಳಬಹುದು.

ಕಿರ್ ಎಂದಾಗ ಕೊಬ್ಬರಿ ಎಣ್ಣೆ, ಗ್ರೀಸ್ ಹಾಕಬೇಡಿ. ಧೂಳು ಸೇರಿ ಅಂಟಾಗಿ ವೀಲನ್ನು ಇನ್ನೂ ಬೇಗ ಸವೆಸುತ್ತದೆ. ಟ್ರ್ಯಾಕನ್ನು ಬ್ರಷ್‌ನಿಂದ ಗುಡಿಸಿದರೆ ಸಾಕು. ಲಾಕ್ ಪಟ್ಟಿಗೆ ಒಂದೆರಡು ಹನಿ ಹೊಲಿಗೆ ಯಂತ್ರದ ಎಣ್ಣೆ, ರಬ್ಬರಿಗೆ ಸಿಲಿಕಾನ್ ಸ್ಪ್ರೇ. ಫ್ರಿಕ್ಷನ್ ಹಿಂಜಸ್‌ನ ಜಾರುವ ತುಂಡಿಗೆ ಎಣ್ಣೆ ಬೇಡ, ಗಾಳಿಗೆ ಶಟರನ್ನು ತಡೆದು ನಿಲ್ಲಿಸುವುದು ಆ ಬಿಗಿಯೇ. ಅಲ್ಲಿರುವ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ಬಿಗಿದರೆ ಬಿಗಿ ಹೆಚ್ಚುತ್ತದೆ, ಮೇಲೂ ಕೆಳಗೂ ಸಮನಾಗಿ.

ಮುಂಗಡ ಕೊಡುವ ಮೊದಲು ಚೀಟಿಯಲ್ಲಿ ಬರೆಸಿಕೊಳ್ಳಿ: ಹಿಂಜಸ್‌ನ ಉದ್ದ ಮತ್ತು ದಪ್ಪ, ಎಷ್ಟು ಜೊತೆ, ಗಾಜಿನ ಅಗಲ, ಎತ್ತರ, ಒಟ್ಟು ದಪ್ಪ, ಟಫನ್ಡ್ ಹೌದೋ ಅಲ್ಲವೋ, ಬಿಚ್ಚಿದ ಹಳೆಯ ಭಾಗಗಳನ್ನು ನಿಮಗೇ ಕೊಡಬೇಕು ಎಂಬುದು. ಹ್ಯಾಂಡಲ್ ತಿರುಗದ ಕಿಟಕಿ ಈಗಾಗಲೇ ಮನೆಯಲ್ಲಿದ್ದರೆ ಇನ್ನೊಮ್ಮೆ ಬಲ ಹಾಕಬೇಡಿ. ಗೇರ್ ಇನ್ನೂ ಮುರಿದಿಲ್ಲದಿದ್ದರೆ, ಒಬ್ಬರು ಶಟರನ್ನು ಫ್ರೇಮಿನ ಕಡೆಗೆ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಮೆಲ್ಲಗೆ ತಿರುಗಿಸಿದರೆ ಬಹುಪಾಲು ಬಿಟ್ಟುಕೊಡುತ್ತದೆ. ತೆರೆದ ಮೇಲೆ ಹ್ಯಾಂಡಲ್ ಮುಟ್ಟದೆ, ಕರ್ಣ ಅಳೆಯುವುದರಿಂದ ಶುರು ಮಾಡಿ.